ಗಂಟು ಮೇಡಂ ಕಟ್ಟಿದ ಅರ್ಧ ಗಂಟು

ವಿಶ್ವವಿದ್ಯಾಲಯದ ಕ್ರೀಡಾಭವನದಲ್ಲಿ ನಲವತ್ತು ಅಡಿ ಎತ್ತರದ ಗೋಡೆಯೊಂದಿತ್ತು. ಮೈತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಗಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರು ಹತ್ತಬೇಕು, ಗೋಡೆಯ ತುದಿಯ ಕೊಂಡಿಯಿಂದ ಇಳಿಬಿದ್ದ ಅದೇ ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ಇನ್ನೊಬ್ಬರು ತಮ್ಮ ಸೊಂಟದ ತಡೆಕೊಂಡಿಯಲ್ಲಿ ಹಾಯಿಸಿ ಹಿಡಿದು, ಹತ್ತಿದಷ್ಟೂ ಎಳೆದುಕೊಳ್ಳುತ್ತಾ ಹೋಗಬೇಕು. ಇದನ್ನು ಕಲಿಸುವವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಗಂಟು ಮೇಡಂ. ಹನ್ನೊಂದು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿ ಒಬ್ಬರೂ ಹತ್ತಿದ್ದಿಲ್ಲ. ಎಂತಹ ಕೊಂಬಿರುವ ಕ್ರೀಡಾಪಟುವಾದರೂ ಸರಿ, ಅವನ ಸೊಂಟದ ಗಂಟನ್ನು ಮೇಡಂ ಜಗ್ಗಿ ನೋಡಿ "ಹೂಂ, ಹತ್ತು" ಅಂದ ಮೇಲೇ ಕಾಲೆತ್ತಬೇಕು. ಮೇಡಂ ಗಂಟನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ನೋಡುವ ಧೈರ್ಯ ಯಾರಿಗಿತ್ತು?

ಅವರಿಗೆ ಇನ್ನೊಂದು ಚಾಳಿಯಿತ್ತು. ಹೊಸಬರು ಬಂದ ಮೊದಲ ದಿನ ತಾವೇ ಗೋಡೆಯ ತುದಿಗೆ ಹತ್ತಿ, ಕೆಳಗಿನವರಿಗೆ "ಹಗ್ಗ ಸಡಿಲ ಬಿಡು!" ಎಂದು ಕೂಗುವುದು. ಮೇಡಂ ಹೇಳಿದರಲ್ಲ ಅಂತ ಬಿಟ್ಟವರ ಕಥೆ ಮುಗಿಯಿತು. ಇಳಿದು ಬಂದು ಎಲ್ಲರೆದುರು ಅವರ ನೀರಿಳಿಸುತ್ತಿದ್ದರು. "ಮೇಲಿರೋರು ಕೂಗ್ಲಿ, ಅಳ್ಲಿ, ಬೈಲಿ, ಹಗ್ಗ ಬಿಗಿ ಇರ್ಬೇಕು. ತಿಳೀತಾ?" ಈ ಪರೀಕ್ಷೆಯ ಸುದ್ದಿ ಹಾಸ್ಟೆಲಿನಲ್ಲೆಲ್ಲ ಹರಡಿ, ಹೊಸಬರು ತಯಾರಾಗಿಯೇ ಬರುತ್ತಿದ್ದರು. ಅದು ಮೇಡಂಗೆ ಗೊತ್ತಿರಲಿಲ್ಲ ಅಷ್ಟೆ.

ಆ ಮಧ್ಯಾಹ್ನ ಹೊಸಬರು ಮೂವತ್ತು ಮಂದಿ. ಹಗ್ಗ ಹಿಡಿಯಲು ಮೇಡಂ ಬೇಕಂತಲೇ ಒಬ್ಬ ಪುಕ್ಕಲಿಯನ್ನು ಆರಿಸಿದರು. ಮೆಟ್ಟಿಲಿಳಿಯುವಾಗಲೂ ಕಂಬಿ ಹಿಡಿಯುವ ಹುಡುಗಿ. ಬೆಳಗ್ಗೆ ಗಂಟು ಕಟ್ಟುವ ಪಾಠದಲ್ಲಿ ಹೇಳಿದ್ದನ್ನೇ ಹತ್ತು ಸಲ ಕೇಳಿ ಜೀವ ತಿಂದವಳು. ಮೇಡಂ ಹಗ್ಗದ ಬಾಲವನ್ನು ಸೊಂಟಪಟ್ಟಿಯ ಬಳೆಯೊಳಗೆ ತೂರಿಸುತ್ತಿರುವಾಗ ಕಚೇರಿಯ ಗುಮಾಸ್ತರು ರಿಜಿಸ್ಟರ್ ಹಿಡಿದು ಬಂದರು. "ಒಂದು ಸಹಿ ಮೇಡಂ, ಸಾಹೇಬ್ರು ಕಾಯ್ತಿದಾರೆ." ಮೇಡಂ ಸಹಿ ಹಾಕಿದರು, ಜಾಕೆಟ್ ಕೆಳಗೆಳೆದುಕೊಂಡರು, ಗೋಡೆಗೆ ಕೈ ಹಚ್ಚಿದರು.

"ಮೇಡಂ, ನಿಮ್ ಗಂಟು ನಾನು ನೋಡ್ಬೇಕಲ್ವಾ?" ಪುಕ್ಕಲಿ ಕೇಳಿದಳು.

"ನನ್ದೇನು ನೋಡ್ತೀಯಮ್ಮಾ? ನೀನು ಹುಟ್ಟೋಕೆ ಮುಂಚಿಂದ ಕಟ್ತಿದೀನಿ." ಎಲ್ಲರೂ ನಕ್ಕರು. ಮೇಡಂ ಹತ್ತಿದರು.

ತುದಿ ಮುಟ್ಟಿ, ಬೆವರೊರೆಸಲು ಜಾಕೆಟ್ ಎತ್ತಿದಾಗ ಅವರ ಕಣ್ಣು ಸೊಂಟದ ಮೇಲೆ ಬಿತ್ತು. ಅಲ್ಲಿ ಗಂಟಿರಲಿಲ್ಲ.

ಹಗ್ಗದಲ್ಲಿ ಮೊದಲೇ ಹಾಕಿದ್ದ ಇಂಗ್ಲಿಷ್ ಎಂಟರ ಆಕಾರದ ಗಂಟು ಎದೆಮಟ್ಟಕ್ಕೆ ಏರಿ ನಿಂತಿತ್ತು. ಅದರ ಬಾಲ ಬಳೆಯೊಳಗೆ ತೂರಿ ಸುಮ್ಮನೆ ಜೋತಾಡುತ್ತಿತ್ತು, ಎಂಟರ ಜಾಡಿನಲ್ಲೇ ವಾಪಸ್ ಹೆಣೆದೇ ಇಲ್ಲ. ಹತ್ತುವಾಗ ಒಂದು ಮೊಳ ಇದ್ದ ಬಾಲ ಈಗ ನಾಲ್ಕು ಬೆರಳಿನಷ್ಟು ಉಳಿದಿತ್ತು. ಕೆಳಗೆ ಪುಕ್ಕಲಿ ತನಗೆ ಹೇಳಿಕೊಟ್ಟಂತೆಯೇ ಶ್ರದ್ಧೆಯಿಂದ ಎಳೆದುಕೊಳ್ಳುತ್ತಿದ್ದಳಲ್ಲ, ಅದಕ್ಕೆ. ಇನ್ನೊಂದು ಸಲ ಎಳೆದರೆ ಹಗ್ಗ ಬಳೆ ಬಿಟ್ಟು ಹೋಗುತ್ತದೆ.

ಗೋಡೆಯ ತುದಿಯ ಭಾಗ ಮುಂದಕ್ಕೆ ಚಾಚಿಕೊಂಡಿತ್ತು. ಇಳಿಯೋಣವೆಂದರೆ ಕಾಲಿಗೆ ಹಿಡಿ ಕಾಣದು. ಕೆಳಗಿನ ಮುಖಗಳು ಅಂಗಿ ಗುಂಡಿಗಳಷ್ಟಿದ್ದವು. ಬೆಳಗ್ಗೆ ಮೂರನೇ ಕ್ಲಾಸಿನ ಮಗಳ ಶೂ ಲೇಸನ್ನು ತಾವು ಎರಡೆರಡು ಸಲ ಜಗ್ಗಿ ನೋಡಿದ್ದು ನೆನಪಾಯಿತು.

"ಎಳೀಬೇಡ! ಹಗ್ಗ ಸಡಿಲ ಬಿಡು!"

ಕೆಳಗೆ ಕಿಸಕಿಸ ನಗು. "ಶುರುವಾಯ್ತು ಪರೀಕ್ಷೆ. ಬಿಡ್ಬೇಡ ಕಣೇ!" ಎಂದು ಯಾರೋ ಕೂಗಿದರು.

"ಬಿಡಲ್ಲ ಮೇಡಂ!" ಪುಕ್ಕಲಿಯ ದನಿಯಲ್ಲಿ ಹೆಮ್ಮೆಯಿತ್ತು. ಹೇಳಿದ್ದನ್ನು ಮಾಡಿ ತೋರಿಸಲೆಂದು ಇನ್ನಷ್ಟು ಬಿಗಿ ಮಾಡಿದಳು. ಬಾಲ ಎರಡು ಬೆರಳಾಯಿತು.

"ಪರೀಕ್ಷೆ ಅಲ್ಲ! ಆಣೆಗೂ ಅಲ್ಲ!" ಮೇಡಂ ಚೀರಿದರು. ಚಪ್ಪಾಳೆ ಬಿತ್ತು. ಎಂತಹ ನಟನೆ ಅಂತ ಮೆಚ್ಚಿಕೊಂಡರೋ ಏನೋ. ಎಡಗೈ ಬೆರಳು ಮರಗಟ್ಟುತ್ತಿತ್ತು. ಹನ್ನೊಂದು ವರ್ಷ ಕೂಗಿದ ಸುಳ್ಳೆಲ್ಲ ಒಟ್ಟಿಗೇ ಬಂದು ಬೆನ್ನು ಹತ್ತಿದಂತಾಯಿತು. ಜೋರು ಮಾಡಿದಷ್ಟೂ ನಂಬುವುದಿಲ್ಲ ಇವರು.

ಮೇಡಂ ಕೂಗುವುದನ್ನು ಬಿಟ್ಟರು. ಕೆನ್ನೆಯನ್ನು ಗೋಡೆಗೊತ್ತಿ, ಕೆಳಗೆ ನೋಡದೆ, ಅವರಿಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳಿದರು.

"ಪುಟ್ಟಾ, ನನ್ ಗಂಟು ನೋಡ್ಲಾ ಅಂತ ಕೇಳಿದ್ಯಲ್ಲ. ನೋಡ್ಬೇಕಿತ್ತು ಕಣಮ್ಮಾ. ಸಹಿ ಹಾಕೋಕೆ ಹೋಗಿ ಅರ್ಧಕ್ಕೇ ಬಿಟ್ಬಿಟ್ಟಿದೀನಿ. ತಪ್ಪು ನಂದು. ನನಗೆ ತುಂಬಾ ಭಯ ಆಗ್ತಿದೆ."

ನಗು ನಿಂತಿತು. ಗಂಟು ಮೇಡಂ ಬಾಯಲ್ಲಿ ತಪ್ಪು ನಂದು ಎಂಬ ಮಾತನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಭಯ ಎಂದರೇನೆಂದು ಚೆನ್ನಾಗಿ ಬಲ್ಲವಳು ಅಲ್ಲಿ ಒಬ್ಬಳೇ, ಆ ದನಿಯ ಗುರುತು ಅವಳಿಗೆ ಸಿಕ್ಕಿತು.

"ಎಷ್ಟು ಬಿಡ್ಲಿ ಮೇಡಂ?"

"ಎರಡು ಮೊಳ. ನಿಧಾನಕ್ಕೆ."

ಹಗ್ಗ ಸಡಿಲವಾಯಿತು. ಮೇಡಂ ಬಲಗೈಯಿಂದ ಬಾಲವನ್ನು ಎಳೆದುಕೊಂಡರು, ಹಲ್ಲಲ್ಲಿ ಕಚ್ಚಿದರು. ಸಾವಿರಾರು ಸಲ ಕಟ್ಟಿದ ಗಂಟು ಆ ಕ್ಷಣ ಪೂರ್ತಿ ಮರೆತುಹೋಯಿತು. ಯಾವ ಎಳೆಯ ಪಕ್ಕ ಯಾವುದು?

"ಹೋದ ದಾರೀಲೇ ವಾಪಸ್ ಬನ್ನಿ ಮೇಡಂ," ಕೆಳಗಿನಿಂದ ಪುಕ್ಕಲಿ ಪಾಠ ಒಪ್ಪಿಸುವವಳಂತೆ ಹೇಳತೊಡಗಿದಳು. ಹತ್ತು ಸಲ ಕೇಳಿ ಕಲಿತದ್ದು. "ಮೊದ್ಲು ಒಳಗಿಂದ. ಆಮೇಲೆ ಕತ್ತು ಸುತ್ತ್ಕೊಂಡು. ಆಯ್ತಾ? ಈಗ ಮತ್ತೆ ಒಳಗೆ. ಜಗ್ಗಿ ನೋಡಿ. ಬಾಲ ಎಷ್ಟಿದೆ?"

"ಒಂದು ಗೇಣು."

"ಇನ್ನೊಂದ್ಸಲ ಜಗ್ಗಿ."

ಮೇಡಂ ಇನ್ನೊಂದು ಸಲ ಜಗ್ಗಿದರು. ಗಂಟು ಕೂತಿತು.

ಇಳಿಸುವಾಗ ಹಗ್ಗ ಒಂದೇ ಸಮನೆ ಬಂತು. ಕಾಲು ನೆಲಕ್ಕೆ ತಗುಲಿದ್ದೇ ಮೇಡಂ ಕುಸಿದು ಕೂತರು. ಯಾರೋ ನೀರು ತಂದರು, ಅರ್ಧ ಜಾಕೆಟ್ ಮೇಲೇ ಚೆಲ್ಲಿತು. ಹಗ್ಗ ಇನ್ನೂ ಬಿಗಿಯಾಗಿ ಸೊಂಟವನ್ನು ಮೇಲಕ್ಕೆ ಜಗ್ಗುತ್ತಲೇ ಇತ್ತು. ನೋಡಿದರೆ ಪುಕ್ಕಲಿ ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು ನಿಂತಿದ್ದಾಳೆ, ಮುಖದಲ್ಲಿ ರಕ್ತವಿಲ್ಲ.

"ಬಂದ್ಬಿಟ್ಟೆ ಕಣಮ್ಮಾ. ಸಾಕು, ಬಿಡು."

ಅವಳು ಬಿಡಲಿಲ್ಲ. "ನಿಜವಾಗ್ಲೂ ಬಿಡ್ಬಹುದಾ ಮೇಡಂ? ಇದು ಪರೀಕ್ಷೆ ಅಲ್ವಾ?"

ಮೇಡಂ ಮಂಡಿಯೂರಿ ಅವಳ ಹತ್ತಿರ ಹೋಗಿ, ಹಗ್ಗದ ಮೇಲಿದ್ದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.