ನಲವತ್ತು ಗ್ರಾಂ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಶೆಡ್ಡಿನ ತಗಡಿನ ಗೋಡೆಗಳೇ ಬೆವರುತ್ತಿದ್ದವು. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ತೇವ ಹಂಚುವ ದೇವರು ಬೆಳ್ಳಿಪುಡಿಗೂ ಒಂದು ಗುಟುಕು ಕುಡಿಸಿದ್ದ. ಸೂಪರ್‌ವೈಸರ್ ಅದನ್ನು ಹಾಗೆಯೇ ತಕ್ಕಡಿಗೆ ಸುರಿದ.

"ತೇವ ಹಿಡಿದಿದೆ ಸ್ವಾಮಿ. ಒಣಗಿಸಿ ತೂಗಿ," ಎಂದಳು ಜರಡಿಯಕ್ಕ.

"ಹದಿನಾಲ್ಕು ವರ್ಷ ಜರಡಿ ಅಲ್ಲಾಡಿಸಿ ಇಂಜಿನಿಯರ್ ಆಗ್ಬಿಟ್ಯಾ? ಎಂಟು ಕೇಜಿ. ಹೆಬ್ಬೆಟ್ಟು ಒತ್ತು."

ಅವಳು ಒತ್ತಿದಳು. ಅವಳ ಕೆಲಸ, ಬೆಳ್ಳಿಪುಡಿಗೆ ತವರದ ಬಿಳಿ ಪುಡಿ ಬೆರೆಸಿ ಜರಡಿ ಹಿಡಿಯುವುದು. ಅವಳ ಸೊಸೆ ಆ ಪುಡಿಯನ್ನು ಪ್ರೆಸ್ಸಿಗೆ ಕೊಟ್ಟು ತೊಗರಿಬೇಳೆಯಷ್ಟು ಬಿಲ್ಲೆ ಮಾಡುತ್ತಿದ್ದಳು. ದೊಡ್ಡ ಸ್ವಿಚ್ಚುಗಳ ಹೊಟ್ಟೆಯಲ್ಲಿ ಆ ಬಿಲ್ಲೆಗಳು ಲಕ್ಷ ಸಲ ಕಿಡಿ ಹಾರಿದರೂ ಸುಡುವುದಿಲ್ಲವಂತೆ. ಪೆಟ್ಟಿಗೆಯ ಮೇಲೆ ಗ್ಯಾರಂಟಿ ಅಚ್ಚು ಹಾಕಿರುತ್ತಿದ್ದರು. ಪುಡಿ ಹಾರಿಹೋದೀತೆಂದು ಶೆಡ್ಡಿನ ಕಿಟಕಿಗಳಿಗೆ ಮೊಳೆ ಹೊಡೆದಿತ್ತು. ಫ್ಯಾನು ಇದ್ದದ್ದು ಸೂಪರ್‌ವೈಸರನ ಗಾಜಿನ ಕೋಣೆಯಲ್ಲಿ ಮಾತ್ರ.

ಮಧ್ಯಾಹ್ನ ಒಲೆ ನೋಡಿಕೊಳ್ಳುವ ಮುದುಕ ಬೆಳ್ಳಿಪುಡಿಯನ್ನು ಒಣಗಿಸಿ ತಂದ. ತೂಗಿದರೆ ನಲವತ್ತು ಗ್ರಾಂ ಕಡಿಮೆ.

"ಎಲ್ಲಿ ಬಚ್ಚಿಟ್ಟೆ ಮುಂಡೇದೆ?"

"ನೀರು ಹಾರೋಯ್ತು ಸ್ವಾಮಿ. ಬೆಳಿಗ್ಗೆನೇ ಬಡ್ಕೊಂಡೆ."

"ಬೆಳ್ಳಿ ಆವಿಯಾಗುತ್ತಾ? ನನಗೇ ಪಾಠ ಹೇಳ್ತಾಳೆ. ಬಿಚ್ಚು ತುರುಬು."

ಕಳ್ಳಿ ಎನ್ನಿಸಿಕೊಂಡವಳಿಗೆ ಆ ಬೀದಿಯ ಯಾವ ಶೆಡ್ಡಿನಲ್ಲೂ ಕೆಲಸವಿಲ್ಲ, ಸೊಸೆಗೂ ಇಲ್ಲ. ಜರಡಿಯಕ್ಕ ಅಂಗಳದಲ್ಲಿ, ಗಂಡಸರ ಮುಂದೆ, ನರೆತ ಕೂದಲು ಬಿಚ್ಚಿ ಟಬ್ಬಿನ ಮೇಲೆ ಬಗ್ಗಿದಳು. ಸೂಪರ್‌ವೈಸರ್ ಮಗ್ಗಿನಲ್ಲಿ ನೀರು ಹುಯ್ದ. ಆ ನೀರನ್ನು ಬಟ್ಟೆಯಲ್ಲಿ ಸೋಸಿದಾಗ ಒಂದು ಚಿಟಿಕೆ ಬೂದು ಕೆಸರು ಉಳಿಯಿತು. ಗಂಡಸರು ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ಕೊಡವಿದರೆ ಅವರ ತಲೆಯಿಂದಲೂ ಅಷ್ಟು ಉದುರುತ್ತಿತ್ತು.

"ಸಿಕ್ತಲ್ಲ, ಮೂರು ಗ್ರಾಂ," ಎಂದ ಅವನು, ನಿಧಿ ಅಗೆದವನಂತೆ.

ಸೊಸೆ ಪ್ರೆಸ್ಸು ಬಿಟ್ಟು ಬಂದಳು. "ನಿಮ್ ತಲೆನೂ ತೊಳೀರಿ ಸ್ವಾಮಿ. ಮೇಲೆ ಏನಾದ್ರೂ ಸಿಗಬಹುದು. ಒಳಗಂತೂ ಏನೂ ಇಲ್ಲ."

ಯಾರೋ ಕಿಸಕ್ಕೆಂದರು.

"ಬಾಯ್ಮುಚ್ಚೇ ಲೌಡಿ. ಉಳಿದ ಮೂವತ್ತೇಳು ಗ್ರಾಂ ತಂದಿಡ್ಲಿ ನಿಮ್ಮತ್ತೆ. ಇಲ್ಲಾಂದ್ರೆ ಇಬ್ರೂ ಗೇಟಾಚೆ."

"ಸುಮ್ನಿರು ಮಗಾ," ಎಂದಳು ಜರಡಿಯಕ್ಕ. "ಅವರದು ಅವರಿಗೆ ಕೊಟ್ಬಿಡಾಣ. ಇನ್ನೊಬ್ಬರದ್ದು ನಮ್ಮೊಳಗೆ ಇಟ್ಕೋಬಾರ್ದು."

ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ ಅವಳು ತಕ್ಕಡಿಯ ಬಳಿ ಹೋದಳು. ಮೇಜಿನಿಂದ ಒಂದು ಹಾಳೆ ಎತ್ತಿಕೊಂಡು, ಇನ್ನೊಂದು ಕೈಯಿಂದ ಎದೆ ಅದುಮಿಕೊಂಡು ಕೆಮ್ಮಿದಳು. ಕೆಮ್ಮು ಬುಡದಿಂದ ಕಿತ್ತು ಬಂತು. ಹಾಳೆಯ ಮೇಲೆ ಬಿದ್ದ ಕಫ ಬೂದಿಯ ಬಣ್ಣದ್ದು. ಬೆಳಕಿಗೆ ಅಲ್ಲಲ್ಲಿ ಮಿನುಗಿತು. ಅವಳು ಹಾಳೆಯನ್ನು ಸಕ್ಕರೆಯ ಪೊಟ್ಟಣದಂತೆ ಒಪ್ಪವಾಗಿ ಮಡಿಸಿ ತಕ್ಕಡಿಯ ತಟ್ಟೆಯಲ್ಲಿಟ್ಟಳು.

"ತೂಗಿ ಸ್ವಾಮಿ. ಒಂದೇ ಸಲಕ್ಕೆ ಇಷ್ಟೇ ಬರೋದು."

ಸೂಪರ್‌ವೈಸರ್ ಕರ್ಚೀಫು ಮೂಗಿಗಿಟ್ಟು ಹಿಂದೆ ಸರಿದ. ಸೊಸೆ ಒಂದು ಹಾಳೆ ಎತ್ತಿಕೊಂಡು ಅತ್ತೆಯ ಹಿಂದೆ ನಿಂತಳು. ಅವಳ ಹಿಂದೆ, ಹೆಬ್ಬೆರಳು ನೋಡುವುದನ್ನು ಬಿಟ್ಟು, ಒಲೆಯ ಮುದುಕ ಬಂದು ನಿಂತ.