ಟೇಪಿನ ಆ ತುದಿ

ಮನೆ ಮಾರಲು ಹೊರಟವರಿಗೆಲ್ಲ ಒಂದು ಭ್ರಮೆ ಇರುತ್ತದೆ. ಬೆಲೆ ಕಟ್ಟಲು ಬಂದವನು ತಾವು ಬಳಿಸಿದ ಬಣ್ಣ, ತಾವು ನೆಟ್ಟ ಗಿಡ, ಆ ಗೋಡೆಗಳ ನಡುವೆ ತಾವು ನುಂಗಿಕೊಂಡ ಕಷ್ಟ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ ಅಂತ. ಅವನಿಗೇನು ಬಿದ್ದಿದೆ? ಅಳೆಯುತ್ತಾನೆ, ಗೋಡೆಗೆ ಗೆಣ್ಣಿನಿಂದ ತಟ್ಟುತ್ತಾನೆ, ಪಕ್ಕದ ಬೀದಿಯಲ್ಲಿ ಅಂಥದ್ದೇ ಮನೆ ಎಷ್ಟಕ್ಕೆ ಹೋಯಿತು ಅಂತ ವಿಚಾರಿಸುತ್ತಾನೆ, ಹೊರಡುತ್ತಾನೆ. ಟೈಲರಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳೂ ಅಳೆದು ಬದುಕುವವಳೇ. ಗಿರಾಕಿ ಎಷ್ಟೇ ಮುಖ ಊದಿಸಿಕೊಂಡರೂ ಸೊಂಟದ ಅಳತೆಯನ್ನು ಕಡಿಮೆ ಬರೆದುಕೊಂಡವಳಲ್ಲ.

ಅವಳ ಅಮ್ಮ ಹೋಗಿ ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಮ್ಮನನ್ನು ನೋಡಿಕೊಳ್ಳುತ್ತ, ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತ, ಟೈಲರಮ್ಮನ ತಲೆ ಅರ್ಧ ನೆರೆತದ್ದು ಅವಳಿಗೇ ತಿಳಿದಿರಲಿಲ್ಲ. ಈಗ ಮಾರುಕಟ್ಟೆ ಬೀದಿಯಲ್ಲಿ ಒಂದು ಅಂಗಡಿ ನೋಡಿದ್ದಳು. ಮೇಲೊಂದು ಪುಟ್ಟ ಕೋಣೆ, ಬೀದಿಗೆ ತೆರೆದ ದೊಡ್ಡ ಕಿಟಕಿ. ಅವಳ ಮನಸ್ಸು ಆ ಕಿಟಕಿಯಲ್ಲಿ ಹೋಗಿ ಕೂತುಬಿಟ್ಟಿತ್ತು. ಜನ ಓಡಾಡುವುದನ್ನು ನೋಡುತ್ತ ಗುಂಡಿ ಹೊಲಿಯಬೇಕು, ಅಷ್ಟೇ ಆಸೆ.

ಮನೆ ಅವಳ ಮತ್ತು ಅಣ್ಣನ ಹೆಸರಿನಲ್ಲಿತ್ತು. ಅಣ್ಣ ಒಪ್ಪಿದ್ದ, ಒಂದು ಷರತ್ತಿನ ಮೇಲೆ.

"ಸರಿಯಾದ ಬೆಲೆ ಬಂದ್ರೆ ಮಾರೋಣ. ಬರ್ಲಿಲ್ಲ ಅಂದ್ರೆ ಬೇಡ ಬಿಡು. ಹೇಗೂ ನೀನಿದ್ದೀಯಲ್ಲ, ನೋಡ್ಕೊಂಡಿರ್ತೀಯ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಮಾತು ಅವಳಿಗೆ ಹೊಸದಲ್ಲ. ಇಪ್ಪತ್ತು ವರ್ಷ ಎಲ್ಲರೂ ಅವಳಿಗೆ ಹೇಳಿದ್ದು ಅದನ್ನೇ.

ಮೊದಲು ಬಂದವನು ಒಬ್ಬ ಚುರುಕು ಹುಡುಗ. ಕೈಯಲ್ಲಿ ಕೆಂಪು ದೀಪದ ಯಂತ್ರ. ಅದರ ಚುಕ್ಕಿ ಎದುರಿನ ಗೋಡೆಗೆ ಬಿದ್ದರೆ ಸಾಕು, ಉದ್ದ ತಾನಾಗಿಯೇ ಬರುತ್ತಿತ್ತು. ಅವಳು ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಂತೆ ಅಳೆದು ಹೋದ. ಅವನು ಹೇಳಿದ ಬೆಲೆ ಕೇಳಿ ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಳು.

"ಮೇಡಂ, ಖಾಲಿ ಮನೆಗೊಂದು ಬೆಲೆ, ಜನ ಇರೋ ಮನೆಗೊಂದು ಬೆಲೆ," ಅಂದ ಅವನು. "ಹಿಂದಿನ ರೂಮಲ್ಲಿ ಇರೋರು ಬಿಡೋ ಥರ ಕಾಣ್ಲಿಲ್ಲ. ನಾನು ದೀಪ ಬಿಟ್ಟಾಗೆಲ್ಲ ಅಡ್ಡ ಬಂದು ನಿಲ್ತಿದ್ರು. ಅರ್ಧ ರೂಮಿನ ಅಳತೆನೇ ಸಿಕ್ಕಿದ್ದು."

"ಯಾರ್ರೀ ಇರೋರು?"

"ಮುಖ ನೋಡ್ಲಿಲ್ಲ ಮೇಡಂ. ಕತ್ತಲೆ ಇತ್ತು. ಹೆಂಗಸರು."

ಫೋನ್ ಇಟ್ಟ ಮೇಲೆ ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ತುಂಬ ಹೊತ್ತು ನಿಂತಳು. ಮಂಚ ಯಾರಿಗೋ ಕೊಟ್ಟಾಗಿತ್ತು. ಔಷಧದ ವಾಸನೆ ಮಾತ್ರ ಗೋಡೆಗೆ ಅಂಟಿಕೊಂಡಿತ್ತು. ಕೊನೆಯ ದಿನಗಳಲ್ಲಿ ಅಮ್ಮ ಅವಳ ಮಣಿಕಟ್ಟು ಹಿಡಿದು, "ನನ್ನ ಬಿಟ್ಟು ಹೋಗ್ತೀಯಾ?" ಅಂತ ಕೇಳುತ್ತಿದ್ದಳು. "ನಾನೆಲ್ಲಿಗೆ ಹೋಗ್ಲಿ? ಈ ರೂಮಲ್ಲೇ ಇರ್ತೀನಿ, ನಿನ್ನಾಣೆ," ಅಂದಿದ್ದಳು ಇವಳು. ಮಗುವನ್ನು ಮಲಗಿಸಲು ನಾವೆಲ್ಲ ಏನೇನೋ ಹೇಳುವುದಿಲ್ಲವೇ, ಹಾಗೆ.

"ಅಮ್ಮಾ, ಇನ್ನಾದ್ರೂ ಜಾಗ ಬಿಡು," ಅಂದಳು ಖಾಲಿ ಕೋಣೆಗೆ. ಹೇಳಿದ ಮೇಲೆ ಅಳು ಬಂತು.

ಎರಡನೆಯವರು ಬಿಳಿ ಮೀಸೆಯ ಹಿರಿಯರು. ಯಂತ್ರ ಗಿಂತ್ರ ನಂಬದೆ ಉಕ್ಕಿನ ಟೇಪು ಹಿಡಿದು ಬಂದರು. ಅವರದೊಂದು ಕಟ್ಟುನಿಟ್ಟು: ಅಳೆಯುವಾಗ ಮನೆಯವರು ಒಳಗಿರಕೂಡದು. ಇದ್ದರೆ ಹೊಗಳಿ ಹೊಗಳಿ ತಲೆ ತಿನ್ನುತ್ತಾರಂತೆ. ಟೈಲರಮ್ಮ ಗೇಟಿನ ಹತ್ತಿರ ಉಗುರು ಕಚ್ಚುತ್ತ ನಿಂತಳು. ನಡು ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇರಲಿಲ್ಲ.

ಅವರು ಖುಷಿಯಾಗಿಯೇ ಹೊರಬಂದರು.

"ಟೇಪಿನ ಆ ತುದಿ ಹಿಡಿಯೋಕೆ ಜನ ಸಿಕ್ಕಿದ್ದು ಅನುಕೂಲ ಆಯ್ತಮ್ಮ. ನಿಮ್ಮ ತಂಗಿನಾ?"

ಅವಳು ಗೇಟು ಬಿಟ್ಟು ಹತ್ತಿರ ಬಂದಳು. "ವಯಸ್ಸಾದವರು ತಾನೇ? ಬಿಳಿ ಕೂದಲು?"

"ಛೆ ಛೆ. ನಿಮ್ಮ ವಯಸ್ಸೇ. ಅಚ್ಚು ನಿಮ್ಮ ಹಾಗೇ ಇದ್ದಾರೆ. ಕತ್ತಿನಲ್ಲಿ ಬಟ್ಟೆ ಟೇಪು, ತೋಳಿಗೆ ಗುಂಡುಪಿನ್ನು ಚುಚ್ಕೊಂಡು. ಮನೆ ಯಾವಾಗ ಬಿಡ್ತೀರಿ ಅಂದ್ರೆ, ಅಮ್ಮಂಗೆ ಮಾತು ಕೊಟ್ಟಿದ್ದೀನಿ, ಬಿಡೋ ಹಾಗಿಲ್ಲ ಅಂದ್ರು."

ಟೈಲರಮ್ಮ ತನ್ನ ಕತ್ತು ಮುಟ್ಟಿ ನೋಡಿಕೊಂಡಳು. ಬಟ್ಟೆ ಟೇಪು ಅಲ್ಲೇ ನೇತಾಡುತ್ತಿತ್ತು.

"ಒಬ್ಬರು ಒಳಗಿದ್ರೂ ಖಾಲಿ ಮನೆ ಅಂತ ಬರೆಯೋಕಾಗಲ್ಲ ನನಗೆ. ಅವರನ್ನ ಒಪ್ಪಿಸಿ, ಒಳ್ಳೇ ಬೆಲೆ ಬರೀತೀನಿ. ಹಾಗೇ ನನ್ನ ಟೇಪು ತಂದ್ಬಿಡಿ. ಆ ತಾಯಿ ಹಿಡಿದ ತುದಿ ಬಿಡ್ಲೇ ಇಲ್ಲ!" ಅಂತ ನಕ್ಕರು.

ಕಾಲಿಗೆ ಬುದ್ಧಿ ಹೇಳಬಹುದಿತ್ತು. ಆದರೆ ಓಡಿಹೋದರೆ ಬೆಲೆ ಇಲ್ಲ, ಬೆಲೆ ಇಲ್ಲದಿದ್ದರೆ ಕಿಟಕಿ ಇಲ್ಲ. ಅವಳು ಹಲ್ಲು ಕಚ್ಚಿಕೊಂಡು ಒಳಗೆ ಹೋದಳು.

ಹಿಂದಿನ ಕೋಣೆಯ ಹೊಸ್ತಿಲ ಬಳಿ ಟೇಪಿನ ಡಬ್ಬಿ ಬಿದ್ದಿತ್ತು. ಅದರ ಹಳದಿ ಪಟ್ಟಿ ನೆಲದ ಮೇಲೆ ನೇರವಾಗಿ ಹರಿದು ಬೀರುವಿನ ಹಿಂದಿನ ಮೂಲೆಗೆ ಹೋಗಿತ್ತು. ಅಲ್ಲಿ ಆ ತುದಿ ಹಿಡಿದವಳು ಕೂತಿದ್ದಳು. ಅದೇ ಮುಖ, ಅದೇ ಅರ್ಧ ನೆರೆತ ತಲೆ, ಕಣ್ಣುಗಳು ಮಾತ್ರ ಗುಳಿಬಿದ್ದಿದ್ದವು. ಟೈಲರಮ್ಮನಿಗೆ ಹೆದರಿಕೆಗಿಂತ ಹೆಚ್ಚಾಗಿ ಕರುಳು ಚುರುಕ್ಕೆಂದಿತು. ತನ್ನನ್ನು ನೋಡಿ ತಾನೇ ಅಯ್ಯೋ ಅಂದುಕೊಂಡದ್ದು ಅವಳ ಜೀವನದಲ್ಲಿ ಅದೇ ಮೊದಲು.

"ಬಾರೇ, ಹೋಗೋಣ," ಅಂದಳು. "ಮಾರುಕಟ್ಟೆ ಬೀದೀಲಿ ಅಂಗಡಿ ನೋಡಿದ್ದೀನಿ."

"ಗೊತ್ತು. ದೊಡ್ಡ ಕಿಟಕಿ," ಅಂದಳು ಮೂಲೆಯಲ್ಲಿದ್ದವಳು. "ಇಬ್ರೂ ಹೋದ್ರೆ ಅಮ್ಮನ ಹತ್ರ ಯಾರು? ಮಾತು ಕೊಟ್ಟವಳು ನೀನು. ನಿನ್ನ ಬದಲಿಗೆ ಒಂದು ವರ್ಷ ಕೂತಿದ್ದೀನಿ, ಸೊಂಟ ಹಿಡ್ಕೊಂಡಿದೆ. ಒಂದ್ನಿಮಿಷ ಇದನ್ನ ಹಿಡ್ಕೋ, ಎದ್ದು ನಿಂತ್ಕೋತೀನಿ."

ಟೇಪಿನ ತುದಿಯನ್ನು ಚಾಚಿದಳು.

ಬೇರೆ ಯಾರಾದರೂ ಆಗಿದ್ದರೆ ಒಂದು ಗಳಿಗೆ ಯೋಚಿಸುತ್ತಿದ್ದರೋ ಏನೋ. ಆದರೆ ಟೇಪಿನ ತುದಿ ಎದುರಿಗೆ ಬಂದರೆ ಹಿಡಿಯುವುದು ಟೈಲರಮ್ಮನ ಕೈಗೆ ಅಂಟಿಹೋದ ಅಭ್ಯಾಸ. ತಲೆಗೆ ತಿಳಿಯುವ ಮೊದಲೇ ಬೆರಳು ಹಿಡಿದಾಗಿತ್ತು.

ಮೂಲೆಯಲ್ಲಿದ್ದವಳು ಗೋಡೆ ಹಿಡಿದು ಎದ್ದಳು. ಮೈಮುರಿದಳು. ಕೂದಲು ಸರಿಮಾಡಿಕೊಂಡು, ಹಿಂತಿರುಗಿ ನೋಡದೆ ಬಿಸಿಲಿನ ಕಡೆಗೆ ನಡೆದುಬಿಟ್ಟಳು. ಟೈಲರಮ್ಮ ಅವಳ ಹಿಂದೆ ಓಡಲು ನೋಡಿದಳು. ಕಾಲು ಏಳಲಿಲ್ಲ. ತುದಿಯನ್ನು ಎಸೆಯಲು ನೋಡಿದಳು. ಬೆರಳು ಬಿಚ್ಚಲಿಲ್ಲ. ಕೂಗಿದಳು, ಆ ಕೂಗು ಕೋಣೆಯ ಬಾಗಿಲನ್ನೂ ದಾಟಲಿಲ್ಲ.

ಹೊರಗಿನ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಏನಮ್ಮ, ಒಪ್ಪಿದ್ರಾ ನಿಮ್ಮ ತಂಗಿ?" ಬಿಳಿ ಮೀಸೆಯವರು ಕೇಳಿದರು. "ನನ್ನ ಟೇಪು ಎಲ್ಲಿ?"

"ಟೇಪಿನ ದುಡ್ಡು ಕೊಡ್ತೀನಿ, ಹೊಸದು ತಗೊಳ್ಳಿ," ಅಂದಿತು ಟೈಲರಮ್ಮನದೇ ದನಿ, ಎಷ್ಟೋ ವರ್ಷಗಳಿಂದ ಇಲ್ಲದ ಹಗುರದಲ್ಲಿ. "ಮನೆ ಮಾರೋದು ಬೇಡ ಅಂತ ಅಣ್ಣನಿಗೆ ಹೇಳ್ತೀನಿ. ಹೇಗೂ ಅವಳಿದ್ದಾಳಲ್ಲ, ನೋಡ್ಕೊಂಡಿರ್ತಾಳೆ."

ಗೇಟು ಕಿರುಗುಟ್ಟಿ ಮುಚ್ಚಿಕೊಂಡಿತು. ಚಪ್ಪಲಿಯ ಸದ್ದು ಮಾರುಕಟ್ಟೆಯ ಕಡೆಗೆ ದೂರವಾಯಿತು.

ಮಂಚ ಇದ್ದ ಜಾಗದಿಂದ, ನಿದ್ದೆಯಿಂದ ಎದ್ದಂಥ ಒಂದು ಬಡಕಲು ದನಿ ಕೇಳಿತು: "ಇದ್ದೀಯಾ?"

ಬಾಯಿ ಮುಚ್ಚಿಕೊಳ್ಳಬೇಕು ಅಂತ ಅವಳು ತುಂಬ ಪ್ರಯತ್ನಪಟ್ಟಳು. ಆದರೆ ಇಪ್ಪತ್ತು ವರ್ಷದ ಅಭ್ಯಾಸ.

"ಇದ್ದೀನಮ್ಮಾ," ಅಂದಳು.