ನೆಲ ತೊಳೆಯಲು ಬಂದವರು

“ಬಕೆಟ್ ಕೆಳಗಿಡಿ. ನನ್ನ ಗಂಡ ಇನ್ನೂ ಸತ್ತಿಲ್ಲ.”

ನಾನು ಹೊಸ್ತಿಲಿಗೆ ಅಡ್ಡ ನಿಂತಿದ್ದೆ. ಮೆಟ್ಟಿಲ ಮೇಲೆ ನಮ್ಮ ಚರ್ಚಿನ ಸಭೆಯ ಮೂವರು ಹೆಂಗಸರು. ಕೈಯಲ್ಲಿ ಪೊರಕೆ, ಒರೆಸುವ ಬಟ್ಟೆ, ಸಭೆಯ ನೀಲಿ ಬಕೆಟ್. ಎಲ್ಲರಿಗಿಂತ ಮುಂದೆ ಸ್ತೋತ್ರಮ್ಮ. ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಅನ್ನ ಬೆಂದರೂ ಸ್ತೋತ್ರ, ಕಾಲು ಎಡವಿದರೂ ಸ್ತೋತ್ರ ಅನ್ನುವವಳಿಗೆ ಬೇರೆ ಹೆಸರು ಯಾಕೆ?

“ಬಿಡು ತಾಯಿ, ಏನೂ ಆಗಿಲ್ಲ,” ಅಂದಳು.

ಆ ಮಾತೇ ನನ್ನನ್ನು ಹೆದರಿಸಿದ್ದು. ನಮ್ಮ ಸಭೆಯಲ್ಲಿ ಸಾವಿನ ಸುದ್ದಿಯನ್ನು ಮನೆಯವರಿಗೆ ಪಾಸ್ಟರೇ ಹೇಳಬೇಕು, ಬೇರೆಯವರು ಬಾಯಿ ಬಿಡುವ ಹಾಗಿಲ್ಲ. ಆದರೆ ದೇಹ ಬರುವುದರೊಳಗೆ ಮುಂದಿನ ಕೋಣೆ ಖಾಲಿ ಮಾಡಿ ತೊಳೆಯಬೇಕಲ್ಲ. ಹಾಗಾಗಿ ಎಷ್ಟೋ ಸಲ ಪಾಸ್ಟರಿಗಿಂತ ಮೊದಲು ಬಕೆಟ್ ಬರುತ್ತದೆ. ಕೇಳಿದರೆ ಏನೂ ಆಗಿಲ್ಲ ಅನ್ನುತ್ತಾರೆ. ಆ ಬಕೆಟ್ ಬೀದಿಗೆ ಬಂತೆಂದರೆ ಯಾರ ಮನೆಗೋ ಅಂತ ಜನ ಕಿಟಕಿಯಿಂದ ಇಣುಕುತ್ತಾರೆ.

ಅವತ್ತು ಬೆಳಿಗ್ಗೆಯೇ ನನ್ನ ಗಂಡನನ್ನು ಹೃದಯದ ಆಪರೇಷನ್‌ಗೆ ಒಳಗೆ ಕರೆದುಕೊಂಡಿದ್ದರು. ಮೈದುನನನ್ನು ಆಸ್ಪತ್ರೆಯಲ್ಲಿ ಕೂರಿಸಿ, ಹೊದಿಕೆ ಒಯ್ಯೋಣ ಅಂತ ನಾನು ಮನೆಗೆ ಬಂದಿದ್ದೆ. ಬಾಗಿಲಲ್ಲೇ ನಿಂತು ಮೈದುನನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೂ ಎತ್ತಲಿಲ್ಲ.

ಸ್ತೋತ್ರಮ್ಮ ವಿವರಿಸಲು ನೋಡಿದಳು. ನಿನ್ನೆ ಆಸ್ಪತ್ರೆಗೆ ನೋಡಲು ಹೋದಾಗ ನನ್ನ ಗಂಡನೇ ಅವಳಿಗೆ ಹೇಳಿದ್ದನಂತೆ. ಮನೆಗೆ ಹೋದ ಮೇಲೆ ಧೂಳು ತಾಗಬಾರದು ಅಂದಿದ್ದಾರೆ ಡಾಕ್ಟರು, ನಮ್ಮನೆಯಲ್ಲೋ ಬರೀ ಅವಳ ಹೊಲಿಗೆಯ ದಾರದ ಚೂರು, ಬಟ್ಟೆಯ ನಾರು. ನೀವೇ ಬಂದು ಒಂದು ಸಲ ತೊಳೆದುಬಿಡಿ, ಅವಳು ಆಸ್ಪತ್ರೆಯಲ್ಲಿರುವಾಗಲೇ ಬನ್ನಿ, ಇದ್ದರೆ ಕೂಗಾಡುತ್ತಾಳೆ ಅಂದನಂತೆ. ನನ್ನ ಗಂಡನ ಬಾಯಿಂದ ಬರಬಹುದಾದ ಮಾತೇ. ಅದಕ್ಕೇ ಇನ್ನಷ್ಟು ಭಯವಾಯಿತು. ಸುಳ್ಳು ಕಟ್ಟುವವರೂ ಹೀಗೇ ನಂಬುವ ಹಾಗೆ ಕಟ್ಟುತ್ತಾರಲ್ಲ.

“ನಂಬಬೇಡ ಇವರನ್ನ,” ಅಂದರು ಹಿಂದಿನಿಂದ ಅತ್ತೆ. ಗೋಡೆ ಹಿಡಿದುಕೊಂಡು ನಿಂತಿದ್ದರು. “ನಿನ್ನ ಮಾವ ಹೋದ ದಿನವೂ ಇದೇ ಕೋಣೆ, ಇದೇ ಮಾತು. ಏನೂ ಆಗಿಲ್ಲ ಅಂತ ಹೇಳ್ತಾ ಹೇಳ್ತಾನೇ ಮಂಚ ಎತ್ತಿ ಹೊರಗಿಟ್ರು. ಪಾಪ, ಕೆಲಸ ಮಾಡ್ತಿದಾರಲ್ಲ ಅಂತ ನಾನು ಟೀ ಮಾಡಿಕೊಟ್ಟೆ. ಕುಡಿದ್ರು.”

ಸ್ತೋತ್ರಮ್ಮ ತಲೆ ತಗ್ಗಿಸಿದಳು. ಆ ಟೀ ಕುಡಿದವರಲ್ಲಿ ಅವಳೂ ಒಬ್ಬಳು.

ನಾನು ಇನ್ನೊಂದು ಸಲ ಫೋನ್ ಕಿವಿಗಿಟ್ಟುಕೊಂಡು ಹೊಸ್ತಿಲ ಪಕ್ಕದ ಗೋಡೆಗೊರಗಿ ಕುಳಿತೆ. ಬಾಗಿಲು ತಾನಾಗಿಯೇ ತೆರವಾಯಿತು. ಅವರು ಒಳಗೆ ಬಂದರು. ಈಗ ಮಂಚಕ್ಕೆ ಕೈ ಹಾಕುತ್ತಾರೆ, ಹಾಕಿದರೆ ಮುಗಿಯಿತು, ಅಂತ ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಬೀದಿಯಲ್ಲಿ ಯಾವುದೋ ಸ್ಕೂಟರ್ ನಿಂತ ಸದ್ದಾಯಿತು. ಪಾಸ್ಟರ್ ಬಂದರು ಅಂದುಕೊಂಡೆ. ಪಕ್ಕದ ಮನೆಗೆ ಯಾರೋ ಗ್ಯಾಸ್ ತಂದಿದ್ದರು.

ಸ್ತೋತ್ರಮ್ಮ ಮಂಚ ಮುಟ್ಟಲಿಲ್ಲ. ನನ್ನ ಹೊಲಿಗೆ ಮೆಷಿನ್ನಿನ ಕೆಳಗೆ ಮೊಣಕಾಲೂರಿ, ತಲೆಯಿಂದ ಹೇರ್‌ಪಿನ್ ಕಿತ್ತು, ನೆಲದ ಕಲ್ಲಿನ ಸಂದುಗಳನ್ನು ಕೆದಕತೊಡಗಿದಳು. ಕೆದಕಿದ್ದನ್ನು ಎಡಗೈಗೆ ಹಾಕಿಕೊಳ್ಳುತ್ತಿದ್ದಳು. ಆ ಮಂಡಿ ನೋವಿನವಳು, ಪ್ರಾರ್ಥನೆಗೂ ಕುರ್ಚಿಯಲ್ಲೇ ಕೂರುವವಳು.

“ಏನು ಮಾಡ್ತಿದೀಯ?” ಅಂದೆ.

ಅಂಗೈ ತೋರಿಸಿದಳು. ಗುಂಡುಪಿನ್ನು, ಮುರಿದ ಸೂಜಿ ತುದಿ.

“ಸಕ್ಕರೆ ಕಾಯಿಲೆಯವನು, ಮನೇಲಿ ಬರಿಗಾಲಲ್ಲಿ ಓಡಾಡ್ತಾನೆ. ಒಂದು ಚುಚ್ಚಿದ್ರೆ ಗಾಯ ಮಾಯುತ್ತೇನೇ? ನೀನೆಂಥ ಟೈಲರ್, ರಾಗಿ ಬಿತ್ತಿದ ಹಾಗೆ ಬಿತ್ತಿದೀಯ.”

ಬೈಸಿಕೊಂಡು ಇಷ್ಟು ಸಮಾಧಾನ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಸತ್ತವನ ಕಾಲಿಗೆ ಯಾರೂ ಪಿನ್ ಹೆಕ್ಕುವುದಿಲ್ಲ. ಇವರು ನಡೆದು ಬರುವವನಿಗಾಗಿ ನೆಲ ತೊಳೆಯುತ್ತಿದ್ದಾರೆ.

ಹಾಗಂತ ಭಯ ಹೋಯಿತು ಅನ್ನಲಾರೆ. ಅಲ್ಲಿ ಅವನ ಎದೆ ಇನ್ನೂ ತೆರೆದೇ ಇತ್ತು. ಆದರೆ ಬೇರೆ ಒಂದು ನಡುಕ ಹುಟ್ಟಿತು. ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿಗೆ ಮೊಣಕಾಲೂರಿದಾಗಲೂ ನನ್ನ ಕಣ್ಣು ಪಕ್ಕದವಳ ರವಿಕೆಯ ಹೊಲಿಗೆ ಮೇಲಿರುತ್ತದೆ. ಅಲ್ಲಿ ಬಾರದ್ದು ಇಲ್ಲಿ, ಮೆಷಿನ್ನಿನ ಎಣ್ಣೆ ವಾಸನೆಯಲ್ಲಿ ಬಂತು. ದೇವರು ನನ್ನ ಮನೆಯ ನೆಲದಲ್ಲಿ ಕೂತು ನನ್ನ ಗಂಡನ ಕಾಲಿಗಾಗಿ ಪಿನ್ ಹೆಕ್ಕುತ್ತಿದ್ದಾನೆ ಅನ್ನಿಸಿತು. ಅಷ್ಟು ಹತ್ತಿರ ಬಂದವನು ಏನು ಕೇಳುತ್ತಾನೋ ಅಂತ ಹೆದರಿದೆ.

ಅತ್ತೆಯ ಕೈ ಹಿಡಿದು, ನೋಡಿ, ಪಿನ್ ನೋಡಿ ಅಂದೆ. ಅವರು ಉಳಿದಿಬ್ಬರು ಹೆಂಗಸರು ತುಂಬಿಸಿ ತಂದಿಟ್ಟ ಬಕೆಟ್ಟನ್ನೇ ನೋಡುತ್ತಿದ್ದರು. ಸೆರಗಿನ ತುದಿಯನ್ನು ತಿರುಚುತ್ತಿದ್ದರು.

“ಆ ನೀರು ಈ ನೆಲಕ್ಕೆ ಬಿದ್ರೆ ನನ್ನ ಮಗ ಬದುಕಲ್ಲ. ಅವರನ್ನ ಕಳಿಸು. ಇಲ್ಲಾಂದ್ರೆ ನಾನು ಈ ಮನೇಲಿರಲ್ಲ.”

ಕಳಿಸಬಹುದಿತ್ತು. ವಯಸ್ಸಾದ ಜೀವ, ಒಂದು ಮಾತು ನಡೆಸಿಕೊಟ್ಟರೆ ಏನು ಗಂಟು ಹೋಗುತ್ತಿತ್ತು? ಆದರೆ ಕಳಿಸಿದರೆ ಅವನು ಬರುವುದಿಲ್ಲ ಅಂತ ನಾನೂ ಒಪ್ಪಿದ ಹಾಗೆ. ಸ್ತೋತ್ರಮ್ಮ ಬಟ್ಟೆ ಹಿಡಿದು ನನ್ನ ಮುಖ ನೋಡಿದಳು. ನಾನೇ ಬಕೆಟ್ ಎತ್ತಿ ನೀರು ಸುರಿದೆ. ಅರ್ಧ ನನ್ನ ಸೀರೆಗೇ ಬಿತ್ತು.

 ಅತ್ತೆ ತಮ್ಮ ಕನ್ನಡಕ, ಮಾತ್ರೆ, ಬೈಬಲ್ ಇದ್ದ ಚೀಲ ತೆಗೆದುಕೊಂಡು, ಒದ್ದೆ ನೆಲವನ್ನು ತುಳಿಯದೆ ಗೋಡೆಯ ಅಂಚಿನಲ್ಲೇ ನಡೆದು ಹೊರಗೆ ಹೋದರು. ನಾನು ಕರೆದೆ. ಸ್ತೋತ್ರಮ್ಮ ಬೀದಿಯ ತಿರುವಿನ ತನಕ ಹಿಂದೆ ಓಡಿದಳು.

ಸಂಜೆ ಮೈದುನ ತಾನೇ ಫೋನ್ ಮಾಡಿ, ಮೊಬೈಲ್ ಸೈಲೆಂಟಾಗಿತ್ತು, ಅಣ್ಣ ಕಣ್ಣು ಬಿಟ್ಟ ಅಂದ. ಕೆಲವು ದಿನಗಳ ಮೇಲೆ ಆಸ್ಪತ್ರೆಯಿಂದ ಬಂದವನನ್ನು ಅದೇ ನೆಲದ ಮೇಲೆ ನಾವು ಮೆಲ್ಲಗೆ ನಡೆಸಿದೆವು. ಅವನೇ ಅತ್ತೆಗೆ ಫೋನ್ ಮಾಡಿ ಬಾ ಅಮ್ಮ ಅಂದ. ಅವರು ಮಗಳ ಮನೆಯಲ್ಲಿದ್ದರು. ಮಗನ ದನಿ ಕೇಳಿ ಅತ್ತರಂತೆ. ಬರಲಿಲ್ಲ.